ನಾಲ್ಕು ಪದರದ ಕೋಟೆಗೆ ಒಂದು ಸುರುಳಿ ಫೋಮ್ ಟೇಪ್

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಕಟ್ಟುತ್ತೇನೆ. ಹಾಗಾಗಿ ಮನೆ ತುಂಬ ಚೂರುಪಾರು. ಜರಿ ಅಂಚು, ಲೈನಿಂಗ್ ಬಟ್ಟೆ, ಕ್ಯಾನ್ವಾಸ್, ಕುಚ್ಚಿನ ಮಣಿ, ಒಂಟಿ ಗುಂಡಿ. ಯಾವುದನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ಏಪ್ರಿಲ್‌ನಲ್ಲಿ ನನಗೆ ಹೊಲಿಗೆ ಕಲಿಸಿದ ಅಕ್ಕನಿಗೆ ಅರವತ್ತು ತುಂಬಿತು. ಅವರು ಚಿತ್ರದುರ್ಗದವರು. ಅಂಗಡಿಯ ಕಾರ್ಡ್ ಬೇಡ, ಈ ಚೂರುಗಳಲ್ಲೇ ಅವರ ಊರಿನ ಕೋಟೆ ಮಾಡಿಕೊಡೋಣ ಅನ್ನಿಸಿತು.

ದುಡ್ಡು ಕೊಟ್ಟು ತಂದದ್ದು ಒಂದೇ ಸಾಮಾನು. ಎರಡೂ ಕಡೆ ಅಂಟುವ ಫೋಮ್ ಟೇಪ್. ಮಂಡಿಪೇಟೆಯ ಸ್ಟೇಷನರಿ ಅಂಗಡಿಯಲ್ಲಿ 60 ರೂಪಾಯಿ. ಒಂದು ಇಂಚು ಅಗಲ, 2 ಮಿ.ಮೀ. ದಪ್ಪ, 3 ಮೀಟರ್ ಉದ್ದ. ಪದರ ಪದರವಾಗಿ ಕಾರ್ಡ್ ಮಾಡುವವರಿಗೆ ಬೇರೆಲ್ಲ ಮನೆಯಲ್ಲೇ ಸಿಗುತ್ತದೆ, ಇದೊಂದನ್ನು ಮಾತ್ರ ಕೊಳ್ಳಲೇಬೇಕು ಎಂದು ನನಗೆ ಈಗ ಗಟ್ಟಿಯಾಗಿದೆ.

ಮೊದಲು ಬೇರೆ ಅಂಟುಗಳನ್ನೂ ಬಳಸಿ ನೋಡಿದ್ದೆ. ಬಿಳಿ ಅಂಟಿನಲ್ಲಿ ನೀರಿರುತ್ತದೆ. ತೆಳು ಕಾಗದಕ್ಕೆ ಹಚ್ಚಿದರೆ ಸುಕ್ಕು ಬರುತ್ತದೆ. ಗ್ಲೂ ಗನ್ ಬಿಸಿ ಅಂಟು ಬಿಗಿ ನಿಲ್ಲುತ್ತದೆ ನಿಜ, ಆದರೆ ಅಲ್ಲಲ್ಲಿ ಗಂಟು, ಮೇಲೆ ಜೇಡರ ಬಲೆಯ ಹಾಗೆ ನೂಲು. ಒಮ್ಮೆ ಆನ್‌ಲೈನಲ್ಲಿ ಫೋಮ್ ಚುಕ್ಕಿಗಳನ್ನು ತರಿಸಿದೆ. ಹಳೆಯ ಸ್ಟಾಕ್ ಇರಬೇಕು, ಕಾಗದ ಬಿಡಿಸಿದರೆ ಅಂಟೂ ಅದರ ಜೊತೆಗೇ ಎದ್ದು ಬರುತ್ತಿತ್ತು. ಮಂಡಿಪೇಟೆಯ ಅಂಗಡಿಯಲ್ಲಿ ತುದಿ ಬಿಡಿಸಿ ಬೆರಳಿಟ್ಟು ನೋಡಲು ಬಿಟ್ಟರು. ಕೊಳ್ಳುವ ಮುಂಚೆ ನೀವೂ ಹಾಗೇ ಕೇಳಿ ನೋಡಿ.

ಈಗ ಕಾರ್ಡಿನ ವಿಷಯ. ಮಕ್ಕಳ ಪ್ರಾಜೆಕ್ಟಿಗೆ ತಂದು ಉಳಿದಿದ್ದ 300 ಜಿ.ಎಸ್.ಎಂ. ಹಾಳೆ, ಎ4 ಅಳತೆಯದು. ಇಂಕ್ ಮುಗಿದ ಪೆನ್ನಿನಿಂದ ಗೀಟು ಎಳೆದು ಮಡಚಿದೆ. ಗೀಟು ಇಲ್ಲದೆ ಮಡಚಿದರೆ ದಪ್ಪ ಹಾಳೆ ಮಡಿಕೆಯಲ್ಲಿ ಒಡೆಯುತ್ತದೆ. ಆಕಾಶಕ್ಕೆ ಹಳೆಯ ಲಗ್ನಪತ್ರಿಕೆಯ ಖಾಲಿ ಬೆನ್ನು. ಚಹಾ ಡಿಕಾಕ್ಷನ್ ಸವರಿದ್ದಕ್ಕೆ ಸಂಜೆಯ ಬಣ್ಣ ಬಂತು. ದೂರದ ಗುಡ್ಡಕ್ಕೆ ಬೂದು ಲೈನಿಂಗ್ ಬಟ್ಟೆ. ಬಟ್ಟೆಯನ್ನು ಹಾಗೇ ಕತ್ತರಿಸಿದರೆ ಎಳೆ ಬಿಡುತ್ತದೆ. ಹಿಂದೆ ಇಸ್ತ್ರಿಗೆ ಅಂಟುವ ಕ್ಯಾನ್ವಾಸ್ ಕೊಟ್ಟರೆ ಕಾಗದದ ಹಾಗೆ ನೀಟಾಗಿ ಕತ್ತರಿಸಬಹುದು.

ಗೋಡೆಗೆ ಚಪ್ಪಲಿ ಡಬ್ಬದ ರಟ್ಟು. ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ವಾಲ್ ಪುಟ್ಟಿಗೆ ಬಿಳಿ ಅಂಟು ಕಲಸಿ, ಹಳೇ ಎಟಿಎಂ ಕಾರ್ಡಿನಿಂದ ಬಳಿದೆ. ಹಸಿ ಇರುವಾಗಲೇ ಗೀರಿ ಕಲ್ಲಿನ ಸಾಲು ಮಾಡಿದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬೇಗ ಒಣಗಿತು. ಕೆಳಗಿನ ಅಂಚಿಗೆ ಮೊಳಕಾಲ್ಮೂರು ರೇಷ್ಮೆ ಸೀರೆಯ ಎರಡು ಬೆರಳಗಲದ ಜರಿ ಚೂರು. ಯಾರದೋ ಬ್ಲೌಸಿನಲ್ಲಿ ಮಿಕ್ಕಿದ್ದು, ಅವರೇ ಬೇಡ ಎಂದು ಬಿಟ್ಟುಹೋಗಿದ್ದರು.

ಮುಂದಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆದೆ. ಓಬವ್ವನ ಕಿಂಡಿ. ಹಿಂದಿನ ಪದರದ ಮೇಲೆ, ಕಿಂಡಿಗೆ ಸರಿಯಾಗಿ, ಕೆಂಪು ರೇಷ್ಮೆಯ ಒಂದು ಸಣ್ಣ ತುಂಡು, ಪಕ್ಕದಲ್ಲಿ ಒನಕೆಗೆ ಬೆಂಕಿಕಡ್ಡಿ. ಎಲ್ಲವನ್ನೂ ಬಿಗಿಯಾಗಿ ಅಂಟಿಸಿದ್ದರೆ ಅದು ಬರೀ ಒಂದು ತೂತು. ಟೇಪಿನ 2 ಮಿ.ಮೀ. ಎತ್ತರದಿಂದ ಒಳಗೆ ನಿಜವಾದ ನೆರಳು ಬಿತ್ತು. ಯಾರೋ ಕಿಂಡಿಯ ಪಕ್ಕ ಕಾದು ನಿಂತ ಹಾಗೆ ಕಂಡಿತು. ಆ ಕ್ಷಣಕ್ಕೆ 60 ರೂಪಾಯಿ ಸಾರ್ಥಕ ಅನ್ನಿಸಿತು.

ಏಳು ಸುತ್ತಿನ ಕೋಟೆ ಅಲ್ವಾ, ಏಳು ಪದರ ಮಾಡಬೇಕೆಂದು ಆಸೆಯಿತ್ತು. ಆಗಲಿಲ್ಲ. ಆಕಾಶವನ್ನು ಸಪಾಟಾಗಿ ಅಂಟಿಸಿ, ಮೇಲೆ ಮೂರು ಪದರ ಎತ್ತಿದ್ದಕ್ಕೇ ಟೇಪಿನದೇ 6 ಮಿ.ಮೀ., ಅದರ ಮೇಲೆ ರಟ್ಟಿನ ದಪ್ಪ. ಯಾವ ಕವರಿಗೂ ಹಿಡಿಸಲಿಲ್ಲ. ಕೊನೆಗೆ ಸ್ವೀಟ್ ಡಬ್ಬದಲ್ಲಿಟ್ಟೆ.

ಟೇಪಿನ ತೊಂದರೆಗಳನ್ನೂ ಹೇಳಬೇಕು. ಒಮ್ಮೆ ಕೂತರೆ ಮುಗಿಯಿತು, ಸರಿಸಲು ಆಗುವುದಿಲ್ಲ. ಎಳೆದರೆ ಕಾಗದದ ಸಿಪ್ಪೆಯೇ ಎದ್ದು ಬರುತ್ತದೆ. ನನ್ನ ಒಂದು ಗುಡ್ಡ ಹಾಗೇ ಹಾಳಾಯಿತು. ಆಮೇಲೆ ಟೇಪಿನ ಮೇಲೆ ಒಂದೊಂದು ಹನಿ ಬಿಳಿ ಅಂಟು ಇಟ್ಟು ಕೂರಿಸಿದೆ. ಆಗ ಸ್ವಲ್ಪ ಅತ್ತಿತ್ತ ಜರುಗಿಸಲು ಸಮಯ ಸಿಗುತ್ತದೆ. ಕತ್ತರಿಗೂ ಅಂಟು ಮೆತ್ತಿಕೊಳ್ಳುತ್ತದೆ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಹೋಗುತ್ತದೆ. ಬಟ್ಟೆ ಹೊಲಿಯುವ ಕತ್ತರಿಯನ್ನು ಮಾತ್ರ ಇದಕ್ಕೆ ಮುಟ್ಟಿಸಬೇಡಿ. ಟೇಪಿನ ಬದಿ ಬಿಳಿ, ಪಕ್ಕದಿಂದ ನೋಡಿದರೆ ಕಾಣುತ್ತದೆ, ಧೂಳೂ ಹಿಡಿಯುತ್ತದೆ. ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಅಂಟಿಸಿ, ಬದಿಗೆ ಟಾಲ್ಕಮ್ ಪೌಡರ್ ಸವರಿ. ನಾಲ್ಕು ಮೂಲೆಗೆ ಮಾತ್ರ ಹಾಕಿದರೆ ರಟ್ಟು ನಡುವೆ ಬಗ್ಗುತ್ತದೆ, ಮಧ್ಯಕ್ಕೂ ಒಂದು ಪಟ್ಟಿ ಬೇಕು. ಕ್ಯಾನ್ವಾಸಿನ ಜುಂಗು ಕಡೆಗೆ ಇದು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಮೊದಲು ಕಾಗದ ಅಂಟಿಸಿಕೊಳ್ಳಿ.

ಇಷ್ಟಿದ್ದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಸರಿಸಲು ಬಿಡದ ಆ ಒಂದು ಗುಣಕ್ಕೆ ಒಂದು ಕಡಿಮೆ.

ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದುರ್ಗಕ್ಕೆ ಹೋದೆ. ಅಕ್ಕ ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಜರಿಯನ್ನು. "ಇದು ಮೊಳಕಾಲ್ಮೂರಿಂದು ಅಲ್ವೇನೇ?" ಅಂದರು. ಆಮೇಲೆ ಕಿಂಡಿಯೊಳಗೆ ಕಿರುಬೆರಳು ತೂರಿಸಿ, ಬೆಂಕಿಕಡ್ಡಿಯನ್ನು ಮುಟ್ಟಿ, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ತಿಂಗಳಾದ ಮೇಲೆ ಫೋನ್ ಮಾಡಿ ಕೇಳಿದೆ. ಕಾರ್ಡ್ ಟಿವಿ ಪಕ್ಕದಲ್ಲೇ ನಿಂತಿದೆಯಂತೆ. ಪುಟ್ಟಿಯ ಒಂದು ಕಲ್ಲು ಉದುರಿದೆ, ನಾನು ದಪ್ಪ ಬಳಿದಿದ್ದ ಜಾಗದಲ್ಲಿ. ಟೇಪ್ ಮಾತ್ರ ಎಲ್ಲೂ ಬಿಟ್ಟಿಲ್ಲ. ಉದುರಿದ ಕಲ್ಲನ್ನು ಅಕ್ಕ ಗುಂಡಿ ಡಬ್ಬಿಯಲ್ಲಿ ಎತ್ತಿಟ್ಟಿದ್ದಾರೆ. ಮುಂದಿನ ಸಲ ಹೋದಾಗ ಅಂಟಿಸಿ ಬರಬೇಕು.