ಸಿಲಿಕೋನ್ ಅಚ್ಚಿನ ಮೇಣದಬತ್ತಿ ಕಿಟ್: ಎರಡು ವರ್ಷ ಬಳಸಿದ ಮೇಲೆ

ಮೊದಲ ಸಲ ಅಚ್ಚಿನ ಮೇಣದಬತ್ತಿ ಮಾಡುವವರಿಗೆಂದೇ ಮಾರುವ ಕಿಟ್ ಇದು. ಎರಡು ವರ್ಷದ ಬಳಕೆಯ ನಂತರ ಹೇಳುವುದಾದರೆ, ಇದರಲ್ಲಿ ಬರುವ ಅಚ್ಚು ಒಳ್ಳೆಯದು, ಜಗ್ ಒಳ್ಳೆಯದು. ಆದರೆ ಮೇಣಕ್ಕೂ ಬತ್ತಿಗೂ ಆ ಅಚ್ಚಿಗೂ ಹೊಂದಿಕೆಯೇ ಇಲ್ಲ. ಹೊಸಬರ ಮೊದಲ ನಾಲ್ಕೈದು ಮೇಣದಬತ್ತಿಗಳು ಕೆಡಲು ಅವರ ಕೈಗಿಂತ ಇದೇ ದೊಡ್ಡ ಕಾರಣ. ಅಚ್ಚು ಸರಿಯಿಲ್ಲ ಎಂದು ಬೈದುಕೊಂಡು ಪೆಟ್ಟಿಗೆ ಮೂಲೆಗಿಡುವ ಮೊದಲು ಮೇಣ ಬದಲಿಸಿ ನೋಡಿ.

ಪೆಟ್ಟಿಗೆಯಲ್ಲಿ ಎರಡು ಸಿಲಿಕೋನ್ ಅಚ್ಚುಗಳಿವೆ. ಒಂದು 5 ಸೆಂ.ಮೀ. ವ್ಯಾಸದ ಸಾದಾ ಕಂಬ, ಇನ್ನೊಂದು ಗುಂಡು ಗುಂಡಾಗಿ ಉಬ್ಬಿದ ಘನಾಕಾರದ ಅಚ್ಚು. ಜೊತೆಗೆ ಒಂದು ಲೀಟರಿನ ಅಲ್ಯೂಮಿನಿಯಂ ಜಗ್, ಥರ್ಮಾಮೀಟರ್, ಚಕ್ಕೆ ರೂಪದ ಸೋಯಾ ಮೇಣ, ತಳದಲ್ಲಿ ಲೋಹದ ಬಿಲ್ಲೆ ಇರುವ ಬತ್ತಿಗಳು, ಬಣ್ಣದ ತುಣುಕುಗಳು, ಸುಗಂಧ ತೈಲದ ಪುಟ್ಟ ಬಾಟಲಿಗಳು. ಬತ್ತಿಯನ್ನು ನಡುವೆ ನಿಲ್ಲಿಸುವ ಕಡ್ಡಿಗಳೂ ಇವೆ, ಅವು ಉಪಯೋಗಕ್ಕೆ ಬರುತ್ತವೆ.

ಮೇಣದ ವಿಷಯ ಮೊದಲು. ಕಿಟ್‌ನ ಸೋಯಾ ಮೇಣ ಗಾಜಿನ ಲೋಟದಲ್ಲಿ ತುಂಬಿ ಉರಿಸುವ ಜಾತಿಯದು. ಸುಮಾರು 45ರಿಂದ 50 ಡಿಗ್ರಿಗೇ ಕರಗುತ್ತದೆ, ಮೆತ್ತಗಿರುತ್ತದೆ, ಗಾಜಿಗೆ ಅಂಟಿಕೊಂಡು ನಿಲ್ಲಲೆಂದೇ ಅದನ್ನು ತಯಾರಿಸಿರುತ್ತಾರೆ. ಅಚ್ಚಿಗೆ ಬೇಕಾದದ್ದು ಇದರ ತದ್ವಿರುದ್ಧ: ಗಟ್ಟಿಯಾಗಿರಬೇಕು, ಆರುವಾಗ ಒಂದಿಷ್ಟು ಕುಗ್ಗಿ ಅಚ್ಚಿನ ಗೋಡೆಯನ್ನು ಬಿಡಬೇಕು, ಪಾತ್ರೆಯ ಆಸರೆಯಿಲ್ಲದೆ ನಿಲ್ಲಬೇಕು. ಲೋಟದ ಮೇಣವನ್ನು ಗುಂಡುಗಳ ಅಚ್ಚಿಗೆ ಹೊಯ್ದರೆ ಬಿಡಿಸುವಾಗ ಮೂಲೆಯ ಗುಂಡುಗಳು ಕಿತ್ತು ಅಚ್ಚಿನಲ್ಲೇ ಉಳಿಯುತ್ತವೆ, ಅಂಚು ಪುಡಿಯಾಗುತ್ತದೆ, ಹಿಡಿದಲ್ಲೆಲ್ಲ ಬೆರಳಚ್ಚು ಬೀಳುತ್ತದೆ. ಅದನ್ನು ಶಾಖ ತಡೆಯುವ ಗಾಜಿನ ಲೋಟದ ಮೇಣದಬತ್ತಿಗೆ ಎತ್ತಿಡಿ, ಅಲ್ಲಿ ಅದು ಚೆನ್ನಾಗಿಯೇ ಉರಿಯುತ್ತದೆ.

ಅಚ್ಚಿಗೆ 58ರಿಂದ 60 ಡಿಗ್ರಿಗೆ ಕರಗುವ ಪ್ಯಾರಾಫಿನ್ ತನ್ನಿ. ಅದರ ಜೊತೆ ತೂಕದಲ್ಲಿ ಶೇ. 5ರಷ್ಟು ಸ್ಟಿಯರಿಕ್ ಆಸಿಡ್ ಸೇರಿಸಿದರೆ ಗಟ್ಟಿತನವೂ ಹಾಲುಬಿಳುಪೂ ಬರುತ್ತವೆ. ಲೋಹದ ಅಚ್ಚಿಗೆ ಶೇ. 10ರವರೆಗೆ ಹಾಕುವುದುಂಟು, ಏಕೆಂದರೆ ಅಲ್ಲಿ ಮೇಣ ಕುಗ್ಗದಿದ್ದರೆ ಹೊರಗೆ ಬರುವುದೇ ಇಲ್ಲ. ಸಿಲಿಕೋನ್ ತಾನೇ ಬಗ್ಗುತ್ತದೆ, ಅಷ್ಟು ಬೇಕಿಲ್ಲ. ಸೋಯಾನೇ ಬೇಕೆನ್ನುವವರು ಕಂಬದ ಮೇಣದಬತ್ತಿಗೆಂದು ಗುರುತು ಹಾಕಿ ಮಾರುವ ಗಟ್ಟಿ ಮಿಶ್ರಣ ಕೇಳಿ ಪಡೆಯಿರಿ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಅಚ್ಚಿನ ನಯ ನಯ ಗೆರೆಗಳನ್ನೂ ಎತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ದಪ್ಪ ಬತ್ತಿ ಬೇಕು.

ಬತ್ತಿಯದೂ ಇದೇ ಕಥೆ. ಕಿಟ್‌ನಲ್ಲಿ ಬರುವುದು ಬಿಲ್ಲೆ ಕಚ್ಚಿಸಿದ ಲೋಟದ ಬತ್ತಿ. ಅಚ್ಚಿನ ತಳದಲ್ಲಿ ಬತ್ತಿಗೆಂದೇ ರಂಧ್ರವಿರುವಾಗ ಬಿಲ್ಲೆಗೆ ಕೆಲಸವಿಲ್ಲ. ಚೌಕ ಹೆಣಿಗೆಯ ಹತ್ತಿ ಬತ್ತಿ ತಂದುಕೊಳ್ಳಿ. ಅದು ಉರಿಯುತ್ತಾ ಹೋದಂತೆ ತುದಿ ತುಸು ಬಾಗಿ ಜ್ವಾಲೆಯ ಅಂಚಿಗೆ ಬಂದು ತಾನೇ ಸುಟ್ಟುಹೋಗುತ್ತದೆ, ಮಸಿಗಡ್ಡೆ ಕಟ್ಟುವುದು ಕಡಿಮೆ. ಬತ್ತಿಯ ಅಳತೆಗೆ ತಯಾರಕರು ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೊಡುತ್ತಾರೆ, ಹಾಗಾಗಿ ಮೇಣದಬತ್ತಿಯ ವ್ಯಾಸ ಹೇಳಿ ಪಕ್ಕಪಕ್ಕದ ಮೂರು ಅಳತೆ ತರುವುದೇ ಸರಿ. ಬಳಸುವ ಮೊದಲು ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಿ. ಆ ಗುಳ್ಳೆ ಎಂದರೆ ನೂಲಿನೊಳಗಿನ ಗಾಳಿ ಮತ್ತು ತೇವ. ಅದು ಹೋಗದಿದ್ದರೆ ಮೊದಲು ಹಚ್ಚಿದಾಗ ಚಟಪಟ ಎನ್ನುತ್ತದೆ. ಎತ್ತಿ, ನೇರವಾಗಿ ಎಳೆದು, ಕಾಗದದ ಮೇಲೆ ಆರಲು ಬಿಡಿ.

ಎಷ್ಟು ಮೇಣ ಬೇಕೆಂದು ಊಹಿಸಬೇಡಿ. ರಂಧ್ರಕ್ಕೆ ಬೆರಳಿಟ್ಟು ಅಚ್ಚಿಗೆ ನೀರು ತುಂಬಿ, ಆ ನೀರನ್ನು ತೂಗಿ, ಬಂದ ಗ್ರಾಂ ಅನ್ನು 0.9ರಿಂದ ಗುಣಿಸಿ. 150 ಗ್ರಾಂ ನೀರು ಹಿಡಿಯುವ ಅಚ್ಚಿಗೆ 135 ಗ್ರಾಂ ಮೇಣ. ಆರುವಾಗ ಬೀಳುವ ಗುಳಿಯನ್ನು ತುಂಬಲು ಎರಡನೇ ಸುತ್ತು ಹೊಯ್ಯಬೇಕಾಗುತ್ತದೆ, ಅದಕ್ಕೆಂದು ಇದರ ಮೇಲೆ 20 ಗ್ರಾಂ ಎತ್ತಿಡಿ. ಅಳತೆ ಮುಗಿದ ಮೇಲೆ ಅಚ್ಚನ್ನು ಚೂರೂ ತೇವವಿಲ್ಲದಂತೆ ಒಣಗಿಸಬೇಕು. ಒಂದು ಹನಿ ನೀರು ಉಳಿದರೂ ಅಲ್ಲಿ ಗುಳಿ ಬೀಳುವುದು ಖಂಡಿತ.

ಜಗ್ಗನ್ನು ಎಂದೂ ನೇರ ಉರಿಯ ಮೇಲೆ ಇಡಬೇಡಿ. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ತಳಕ್ಕೊಂದು ಲೋಹದ ಬಳೆ ಅಥವಾ ಸಣ್ಣ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಜಗ್ ಕೂರಿಸಿ. ನೀರಿನ ಶಾಖ 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಮೇಣವೂ ದಾಟುವುದಿಲ್ಲ. ನೇರ ಉರಿಯಲ್ಲಿ ಈ ತಡೆ ಇಲ್ಲ. ಮೇಣ ನೀರಿನಂತೆ ಕುದಿದು ಎಚ್ಚರಿಸುವುದಿಲ್ಲ, ಸುಮ್ಮನೆ ಕಾಯುತ್ತಾ ಹೋಗಿ 200 ಡಿಗ್ರಿಯ ಆಸುಪಾಸಿನಲ್ಲಿ ಅದರ ಆವಿಗೆ ಬೆಂಕಿ ತಗುಲಬಹುದು. ಹೊತ್ತಿಕೊಂಡರೆ ಒಲೆ ಆರಿಸಿ ಪಾತ್ರೆಗೆ ಮುಚ್ಚಳ ಮುಚ್ಚಿ. ನೀರು ಹಾಕಿದರೆ ಉರಿಯುವ ಮೇಣ ಸಿಡಿದು ಸುತ್ತಲೂ ಹಾರುತ್ತದೆ, ಅದನ್ನು ಮಾತ್ರ ಮಾಡಲೇಬಾರದು. ಕಿಟ್‌ನ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಒಮ್ಮೆ ಪರೀಕ್ಷಿಸಿ. ಸಮುದ್ರಮಟ್ಟದಲ್ಲಿ 100, ಸುಮಾರು 900 ಮೀಟರ್ ಎತ್ತರದಲ್ಲಿ 97 ಡಿಗ್ರಿ ತೋರಿಸಬೇಕು. ನಮ್ಮ ಕೈಗೆ ಬಂದದ್ದು 4 ಡಿಗ್ರಿ ಹೆಚ್ಚು ತೋರಿಸುತ್ತದೆ. ಕಳೆದು ಲೆಕ್ಕ ಹಾಕಿದರೆ ಸಾಕು, ಬದಲಿಸಬೇಕಿಲ್ಲ.

ಬಣ್ಣದ ತುಣುಕುಗಳ ಬಗ್ಗೆ ದೂರಿಲ್ಲ. ಕರಗಿದ ಮೇಣದ ಬಣ್ಣ ನೋಡಿ ಮೋಸ ಹೋಗಬೇಡಿ, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಅದು ಗಟ್ಟಿಯಾದ ಮೇಲೆ ಕಾಣುವುದೇ ನಿಜವಾದ ಬಣ್ಣ. ಮಕ್ಕಳ ಕ್ರೆಯಾನ್ ಬೇಡ, ಅದರ ಬಣ್ಣದ ಪುಡಿ ಬತ್ತಿಯ ನೂಲಿನ ಸಂದಿಗಳನ್ನು ಮುಚ್ಚುತ್ತದೆ. ಅಡುಗೆಯ ಬಣ್ಣ ನೀರಿನದ್ದು, ಮೇಣದಲ್ಲಿ ಬೆರೆಯುವುದೇ ಇಲ್ಲ. ಸುಗಂಧ ತೈಲ ಶೇ. 6 ಸಾಕು: 135 ಗ್ರಾಂ ಮೇಣಕ್ಕೆ 8 ಗ್ರಾಂ. 80ರಿಂದ 85 ಡಿಗ್ರಿಯಲ್ಲಿ ಹಾಕಿ ಎರಡು ನಿಮಿಷ ನಿಧಾನವಾಗಿ ಕಲಸಿ. ಕೈ ಬಿಗಿಹಿಡಿಯದೆ ಸುರಿದರೆ ಹೆಚ್ಚಾದ ಎಣ್ಣೆ ಮೇಣದಬತ್ತಿಯ ಮೈಮೇಲೆ ಬೆವರಿನಂತೆ ಹನಿಗಟ್ಟುತ್ತದೆ.

ಇನ್ನು ಎರೆಯುವುದು. ಈ ಅಚ್ಚುಗಳಲ್ಲಿ ಮೇಣದಬತ್ತಿ ತಲೆಕೆಳಗಾಗಿ ಮೂಡುತ್ತದೆ: ಅಚ್ಚಿನ ತಳವೇ ಅದರ ನೆತ್ತಿ, ನಾವು ಸುರಿಯುವ ಬಾಯಿಯೇ ಅದರ ಬುಡ. ಬತ್ತಿಯನ್ನು ದಬ್ಬಣಕ್ಕೆ ಪೋಣಿಸಿ ತಳದ ರಂಧ್ರದಿಂದ ಎಳೆದು, ಹೊರಗೆ 2 ಸೆಂ.ಮೀ. ಬಿಟ್ಟು, ಆ ಬಾಲದ ಸುತ್ತ ಜೇಡಿಯಂತೆ ಮೆತ್ತಗಿರುವ ಪುಟ್ಟಿಯನ್ನು ಒತ್ತಿ ಮುಚ್ಚಿ. ಕಿಟ್‌ನವರು ಪುಟ್ಟಿ ಕೊಟ್ಟಿಲ್ಲ, ಕೊಡಬೇಕಿತ್ತು. ಮೇಲಿನ ತುದಿಯನ್ನು ಕಡ್ಡಿಗೆ ಸಿಕ್ಕಿಸಿ ಬತ್ತಿ ಬಿಗಿಯಾಗಿರುವಂತೆ ಎಳೆಯಿರಿ. ಆದರೆ ತಳ ಒಳಕ್ಕೆ ಉಬ್ಬುವಷ್ಟು ಎಳೆದರೆ ನೆತ್ತಿಯಲ್ಲಿ ತಗ್ಗು ಬೀಳುತ್ತದೆ.

ಪ್ಯಾರಾಫಿನ್ 75 ಡಿಗ್ರಿಗೆ ಇಳಿದಾಗ ಹೊಯ್ಯಿರಿ. ಅಚ್ಚು ತಣ್ಣಗಿದ್ದರೆ ಅಥವಾ ಮೇಣ ಇನ್ನೂ ಆರಿದ್ದರೆ ಮೈಮೇಲೆ ಅಡ್ಡಡ್ಡ ಗೆರೆಗಳು ಮೂಡುತ್ತವೆ, ಪದರ ಪದರವಾಗಿ ಹೆಪ್ಪುಗಟ್ಟಿದ ಗುರುತು ಅದು. ಗುಂಡುಗಳ ಅಚ್ಚಿನಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುವ ಜಾಗ ಪ್ರತಿ ಉಬ್ಬಿನ ಒಳಮೇಲ್ಭಾಗ. ಮೂರನೇ ಒಂದು ಭಾಗ ತುಂಬಿದ ಕೂಡಲೇ ಅಚ್ಚನ್ನು ನಾಲ್ಕೂ ಕಡೆಗೆ ಒಮ್ಮೊಮ್ಮೆ ಓರೆ ಮಾಡಿ, ಬೆರಳ ಗೆಣ್ಣಿನಿಂದ ಬದಿಗೆ ತಟ್ಟಿದರೆ ಸಾಸಿವೆ ಗಾತ್ರದ ಗುಳ್ಳೆಗಳು ಬತ್ತಿಯ ಪಕ್ಕದಲ್ಲಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಹತ್ತು ಸೆಕೆಂಡಿನೊಳಗೆ ಇದು ಮುಗಿದು ಉಳಿದದ್ದನ್ನು ಸಣ್ಣ ಧಾರೆಯಲ್ಲಿ, ಎಡೆಬಿಡದೆ ಹೊಯ್ಯಬೇಕು. ತಡ ಮಾಡಿದರೆ ಅಲ್ಲಿಯೇ ಗೆರೆ.

ಹೊಸಬರು ಬಿಟ್ಟುಬಿಡುವ ಹಂತ ಇದರ ನಂತರದ್ದು. ಮೇಣ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತಾ ಕುಗ್ಗುತ್ತದೆ. ಕೊನೆಗೆ ಆರುವುದು ನಡುಭಾಗ, ಆದ್ದರಿಂದ ಟೊಳ್ಳು ಬೀಳುವುದೂ ಅಲ್ಲೇ, ಬತ್ತಿಯ ಪಕ್ಕದಲ್ಲಿ. ಮೇಲೆ ಕೆನೆ ಕಟ್ಟಿ ಗಟ್ಟಿಯಾಗುವುದರಿಂದ ಹೊರಗೆ ಗೊತ್ತಾಗುವುದಿಲ್ಲ. ಉರಿಸುವಾಗ ಜ್ವಾಲೆ ಆ ಟೊಳ್ಳಿಗೆ ತಲುಪಿದ ಕೂಡಲೇ ಕರಗಿದ ಮೇಣವೆಲ್ಲ ಒಳಗೆ ಇಳಿದು ಬತ್ತಿ ಒಣಗಿ ಹೊಗೆಯಾಡುತ್ತದೆ. ಇದಕ್ಕೆ ಮಾಡಬೇಕಾದ್ದು: ಹೊಯ್ದ 30ರಿಂದ 40 ನಿಮಿಷಕ್ಕೆ, ಕೆನೆ ಕಟ್ಟಿದಾಗ, ಬಿದಿರಿನ ಕಡ್ಡಿಯಿಂದ ಬತ್ತಿಯ ಸುತ್ತ ಮೂರು ನಾಲ್ಕು ಕಡೆ ಆಳವಾಗಿ ಚುಚ್ಚಿ. ಮುಚ್ಚಿಕೊಂಡರೆ ಮತ್ತೆ ಚುಚ್ಚಿ. ಮೇಲ್ಭಾಗ ಗುಳಿ ಬಿದ್ದು, ನಡುವೆ ಇನ್ನೂ ಮೆತ್ತಗೆ ಬೆಚ್ಚಗಿರುವಾಗ, ಎತ್ತಿಟ್ಟ ಮೇಣವನ್ನು 80 ಡಿಗ್ರಿಗೆ ಕಾಯಿಸಿ ತುಂಬಿ. ಮೊದಲ ಸುತ್ತಿಗಿಂತ 5 ಡಿಗ್ರಿ ಬಿಸಿ ಇದ್ದರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡುತ್ತದೆ. ಮೊದಲಿನ ಮಟ್ಟಕ್ಕಿಂತ ಒಂದು ಮಿ.ಮೀ. ಕೆಳಗೇ ನಿಲ್ಲಿಸಿ. ಮೀರಿದರೆ ಬಿಸಿ ಮೇಣ ಅಚ್ಚಿಗೂ ಮೇಣದಬತ್ತಿಗೂ ನಡುವಿನ ಸಂದಿಯಲ್ಲಿ ಇಳಿದು ಮೈಮೇಲೆ ಹರಕು ಪೊರೆ ಕಟ್ಟುತ್ತದೆ, ಅದನ್ನು ಕೆರೆದು ತೆಗೆದರೂ ಹೊಳಪು ಹೋಗುತ್ತದೆ.

ಬಿಡಿಸಲು ಕನಿಷ್ಠ ಐದು ಗಂಟೆ ಕಾಯಿರಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಬೇಗ ಆಗಲೆಂದು ಫ್ರಿಜ್‌ಗೆ ಇಟ್ಟರೆ ಹೊರಮೈ ಮೊದಲು ಕುಗ್ಗಿ, ಒಳಗೆ ಬಿಸಿಯಿದ್ದು, ಸೀಳು ಬಿಡುತ್ತದೆ. ಪುಟ್ಟಿ ತೆಗೆದು, ಅಚ್ಚಿನ ನಾಲ್ಕೂ ಗೋಡೆಯನ್ನು ಹೊರಕ್ಕೆ ಎಳೆದು ಒಳಗೆ ಗಾಳಿ ಹೋಗಲು ಬಿಡಿ. ಅಂಟು ಬಿಟ್ಟಾಗ ಪಾರದರ್ಶಕದಂತಿದ್ದ ಅಂಚು ಬಿಳಿಚಿಕೊಳ್ಳುವುದು ತಿಳಿಯುತ್ತದೆ. ಆಮೇಲೆ ಕಾಲುಚೀಲ ಕಳಚಿದಂತೆ ಅಚ್ಚನ್ನು ಹಿಂದಕ್ಕೆ ಮಡಚುತ್ತಾ ಬನ್ನಿ. ಮೇಣದಬತ್ತಿಯನ್ನು ಹಿಡಿದು ಎಳೆದರೆ ಗುಂಡುಗಳ ಕತ್ತು ಮುರಿಯುತ್ತದೆ.

ಬತ್ತಿಯ ಅಳತೆ ಸರಿಯೇ ಎಂದು ತಿಳಿಯಲು ಸಾದಾ ಕಂಬದಲ್ಲಿ ಪರೀಕ್ಷಿಸಿ. ಒಂದು ದಿನ ಬಿಟ್ಟು, ಬತ್ತಿಯನ್ನು 5 ಮಿ.ಮೀ.ಗೆ ಕತ್ತರಿಸಿ, ಗಾಳಿಯಾಡದ ಕಡೆ ಹಚ್ಚಿ. ವ್ಯಾಸದ ಪ್ರತಿ 2.5 ಸೆಂ.ಮೀ.ಗೆ ಒಂದು ಗಂಟೆಯಂತೆ ಈ ಕಂಬಕ್ಕೆ ಎರಡು ಗಂಟೆ. ಅಷ್ಟರಲ್ಲಿ ಅಂಚಿನಲ್ಲಿ 3ರಿಂದ 5 ಮಿ.ಮೀ. ಗೋಡೆ ಉಳಿದು ಒಳಗೆಲ್ಲ ಕರಗಿರಬೇಕು. ನಡುವೆ ಬಾವಿ ತೋಡಿದಂತೆ ಇಳಿದರೆ ಬತ್ತಿ ತೆಳ್ಳಗಾಯಿತು. ಗೋಡೆ ಒಡೆದು ಮೇಣ ಹರಿದರೆ, ಜ್ವಾಲೆ ಎತ್ತರವಾಗಿ ಕುಣಿದು ಕರಿ ಹೊಗೆ ಬಿಟ್ಟರೆ ದಪ್ಪವಾಯಿತು. ಗುಂಡುಗಳ ಅಚ್ಚಿನ ಮೇಣದಬತ್ತಿಗೆ ಎಲ್ಲೆಡೆ ಒಂದೇ ವ್ಯಾಸವಿಲ್ಲ, ಸಂದಿಗಳಲ್ಲಿ ಗೋಡೆ ತೆಳುವಾಗಿರುತ್ತದೆ. ಎಂಥ ಬತ್ತಿ ಹಾಕಿದರೂ ಎಲ್ಲೋ ಒಂದು ಕಡೆ ಮೇಣ ಹೊರಬರುವುದು ಆ ಆಕಾರದ ಗುಣ. ಅಂಚಿರುವ ತಟ್ಟೆಯಿಲ್ಲದೆ ಅದನ್ನು ಹಚ್ಚಬಾರದು, ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬರಿಯ ಮೇಜಿನ ಮೇಲೆ ಉರಿಸಿರುವುದು ತಪ್ಪು.

ಎರಡು ವರ್ಷದ ನಂತರ ಕಂಬದ ಅಚ್ಚು ಹೊಸದರಂತೆಯೇ ಇದೆ. ಗುಂಡುಗಳ ಅಚ್ಚಿನ ಒಳಮೈ ಸ್ವಲ್ಪ ಮಂಕಾಗಿದೆ, ಅದೇ ಮಂಕು ಮೇಣದಬತ್ತಿಯ ಮೇಲೂ ಬರುತ್ತದೆ. ಬಾಯಿಯ ಅಂಚಿನಲ್ಲಿ ಎರಡು ಗುಂಡುಗಳ ನಡುವೆ ಕೂದಲೆಳೆಯಷ್ಟು ಸೀಳು ಕಾಣಿಸಿಕೊಂಡಿದೆ. ಬತ್ತಿಯ ರಂಧ್ರ ಅಗಲವಾಗಿದೆ, ಈಗ ಪುಟ್ಟಿ ದುಪ್ಪಟ್ಟು ಬೇಕು. ತೆಳ್ಳನೆಯ ದಬ್ಬಣ ಬಳಸಿದರೆ ಇದು ತಡವಾಗುತ್ತದೆ. ಸುಗಂಧದ ವಾಸನೆ ಸಿಲಿಕೋನಿಗೆ ಹಿಡಿದರೆ ಸೋಪಿನಿಂದ ಹೋಗುವುದಿಲ್ಲ, ಆದ್ದರಿಂದ ಒಂದು ಅಚ್ಚನ್ನು ವಾಸನೆಯಿಲ್ಲದ ಬಿಳಿ ಮೇಣಕ್ಕೇ ಮೀಸಲಿಡಿ. ತೊಳೆಯಲು ಬೆಚ್ಚಗಿನ ನೀರು, ಸೌಮ್ಯ ಸೋಪು, ಬೆರಳು. ಬ್ರಷ್ಷೂ ಬೇಡ, ನಾರೂ ಬೇಡ. ಧೂಳು ಮತ್ತು ಬಟ್ಟೆಯ ನೂಲು ಸಿಲಿಕೋನಿಗೆ ಬಹಳ ಬೇಗ ಅಂಟುತ್ತವೆ, ಹೊಯ್ಯುವ ಮೊದಲು ಅಂಟುಪಟ್ಟಿ ಒತ್ತಿ ಎತ್ತಿದರೆ ಬರುತ್ತವೆ. ಮೇಲೆ ಭಾರ ಹೇರಿ ಇಟ್ಟರೆ ಅಚ್ಚು ಸೊಟ್ಟಗಾಗುತ್ತದೆ.

ಜಗ್ಗಿನ ಹಿಡಿಯ ರಿವೆಟ್ ಇನ್ನೂ ಗಟ್ಟಿಯಾಗಿದೆ, ಮೂತಿಯಿಂದ ಕೊನೆಯ ಹನಿ ಹೊರಮೈಗೆ ಇಳಿಯುವುದೊಂದೇ ಕೊರತೆ. ಬಿಸಿಯಿರುವಾಗಲೇ ಹಳೆ ಕಾಗದದಿಂದ ಒರೆಸಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿದ ಮೇಣ ಕೊಳವೆಯೊಳಗೆ ತಣ್ಣಗಾಗಿ ಕಟ್ಟಿಕೊಳ್ಳುತ್ತದೆ.

ಕೆಟ್ಟ ಮೇಣದಬತ್ತಿಯನ್ನು ಎಸೆಯುವ ಅಗತ್ಯವಿಲ್ಲ. ಒಡೆದು, ಕರಗಿಸಿ, ಬತ್ತಿಯನ್ನು ಚಿಮಟದಿಂದ ಎತ್ತಿ, ಹಳೆ ಹತ್ತಿ ಬಟ್ಟೆಯಲ್ಲಿ ಸೋಸಿ. ಸುಗಂಧ ಹಾಕಿದ್ದ ಮೇಣವಾದರೆ ಮತ್ತೆ ತೈಲ ಸೇರಿಸಬೇಡಿ, ಮೊದಲಿನದು ಬಹುಪಾಲು ಅದರಲ್ಲೇ ಇರುತ್ತದೆ. ಬಣ್ಣಗಳು ಬೆರೆತಿದ್ದರೆ ಕಂದುಗಪ್ಪಾಗುತ್ತದೆ, ಅಂಥದ್ದನ್ನು ಬತ್ತಿಯ ಪರೀಕ್ಷೆಗೆಂದು ಕಂಬದ ಅಚ್ಚಿಗೆ ಹೊಯ್ದಿಡಿ.