ಕೆನಡಾಕ್ಕೆ ಹೊಸದಾಗಿ ಬಂದವರೇ, ಟಿಎಫ್‌ಎಸ್‌ಎಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಟಿಎಫ್‌ಎಸ್‌ಎ ಅಂದರೆ ಬರುವ ಬಡ್ಡಿ, ಲಾಭಕ್ಕೆ ಟ್ಯಾಕ್ಸ್ ಇಲ್ಲದ ಇಲ್ಲಿನ ಉಳಿತಾಯ ಖಾತೆ, 2009ರಲ್ಲಿ ಶುರುವಾದದ್ದು. ಅದಕ್ಕೆ ಇಷ್ಟೇ ಹಾಕಬಹುದು ಎಂಬ ಲಿಮಿಟ್ ಇದೆ, ವರ್ಷ ವರ್ಷ ಅದು ಕೂಡುತ್ತಾ ಹೋಗುತ್ತದೆ. "2009ರಿಂದ ಲೆಕ್ಕ ಹಾಕಿದರೆ ನಿಮಗೆ ಇಷ್ಟು ಲಿಮಿಟ್ ಇದೆ" ಎಂದು ಬ್ಯಾಂಕಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲೇ ನಿಲ್ಲಿ. ಆ ಲೆಕ್ಕ ಮೊದಲಿನಿಂದ ಇಲ್ಲೇ ಇದ್ದವರದು, ನಮ್ಮದಲ್ಲ.

ನಮ್ಮ ಅಕ್ಕ, ಭಾವ 2022ರಲ್ಲಿ ಮಿಸ್ಸಿಸಾಗಾಕ್ಕೆ ಬಂದರು. ಮೈಸೂರಿನ ಸೈಟ್ ಮಾರಿದ ದುಡ್ಡು 2024ರ ಮಾರ್ಚ್‌ನಲ್ಲಿ ಕೈಗೆ ಬಂತು. "ಟಿಎಫ್‌ಎಸ್‌ಎಗೆ ಹಾಕಿ, 95,000 ಡಾಲರ್‌ವರೆಗೂ ಹಾಕಬಹುದು, ಬಡ್ಡಿಗೆ ಟ್ಯಾಕ್ಸ್ ಇಲ್ಲ" ಎಂದರು ಬ್ಯಾಂಕಿನವರು. ಭಾವ 40,000 ಹಾಕಿದರು. ಯಾರೂ ತಡೆಯಲಿಲ್ಲ. ಎಷ್ಟು ಕೊಟ್ಟರೂ ಬ್ಯಾಂಕ್ ತೆಗೆದುಕೊಳ್ಳುತ್ತದೆ. ಲಿಮಿಟ್ ನೋಡಿಕೊಳ್ಳುವ ಹೊಣೆ ಖಾತೆದಾರರದ್ದೇ.

18 ತುಂಬಿದವರಿಗೆ ಲಿಮಿಟ್ ಶುರುವಾಗುವುದು ಇಲ್ಲಿನ ನಿವಾಸಿಗಳಾದ ವರ್ಷದಿಂದ ಮಾತ್ರ. ಭಾವನಿಗೆ 2022ಕ್ಕೆ 6,000, 2023ಕ್ಕೆ 6,500, 2024ಕ್ಕೆ 7,000. ಒಟ್ಟು 19,500. ಅಂದರೆ 20,500 ಡಾಲರ್ ಜಾಸ್ತಿ ಬಿದ್ದಿತ್ತು! ಜಾಸ್ತಿಯಾದ ಮೊತ್ತಕ್ಕೆ ತಿಂಗಳಿಗೆ 1% ತೆರಿಗೆ. ತಿಂಗಳಿಗೆ 205 ಡಾಲರ್‌ನಂತೆ ಡಿಸೆಂಬರ್‌ವರೆಗೆ 2,050 ಆಯಿತು. 2025ರ ಜನವರಿಯಲ್ಲಿ ಹೊಸದಾಗಿ 7,000 ಸಿಕ್ಕಿತು, ಆದರೂ ತಿಂಗಳಿಗೆ 135 ಹೋಗುತ್ತಲೇ ಇತ್ತು. ಸಿಆರ್‌ಎ (ಕೆನಡಾದ ತೆರಿಗೆ ಇಲಾಖೆ) ಪತ್ರ ಬಂದದ್ದು ಜುಲೈನಲ್ಲಿ. ಜಾಸ್ತಿ ಇದ್ದದ್ದನ್ನು ತಕ್ಷಣ ತೆಗೆದರು, ಆದರೆ ತಿಂಗಳ ನಡುವೆ ತೆಗೆದರೂ ಆ ತಿಂಗಳ ತೆರಿಗೆ ತಪ್ಪುವುದಿಲ್ಲ. ಒಟ್ಟು 2,995 ಡಾಲರ್. 2024ರ ಪಾಲನ್ನು 2025ರ ಜೂನ್ 30ರೊಳಗೆ ಕಟ್ಟಬೇಕಿತ್ತು, ಅದಕ್ಕೆ ದಂಡ, ಬಡ್ಡಿ ಬೇರೆ.

ವರ್ಷಕ್ಕೆ 12% ಕೈಬಿಟ್ಟು ಹೋಗುವಾಗ ಯಾವ ಸೇವಿಂಗ್ಸ್ ಬಡ್ಡಿ ತಾನೇ ಸಾಕಾಗುತ್ತದೆ? "ಯಾವ ವರ್ಷ ಬಂದಿರಿ?" ಎಂದು ಬ್ಯಾಂಕಿನವರು ಒಂದೇ ಒಂದು ಮಾತು ಕೇಳಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ತಿಳಿಯದೆ ಆದದ್ದು, ಗೊತ್ತಾದ ಕೂಡಲೇ ಹಣ ತೆಗೆದಿದ್ದೇವೆ ಎಂದು ವಿವರಿಸಿ ಸಿಆರ್‌ಎಗೆ ಮನ್ನಾ ಕೇಳಬಹುದು. ಭಾವ ಬರೆದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

ಇನ್ನೂ ಒಂದು ಕಡೆ ಜನ ಸಿಕ್ಕಿಬೀಳುತ್ತಾರೆ. ಲಿಮಿಟ್ ಪೂರ್ತಿ ತುಂಬಿದೆ, ಮೇ ತಿಂಗಳಲ್ಲಿ 5,000 ತೆಗೆದಿರಿ ಅನ್ನಿ. ಅದನ್ನು ಅದೇ ವರ್ಷ ವಾಪಸ್ ಹಾಕುವಂತಿಲ್ಲ, ಆ ಜಾಗ ಸಿಗುವುದು ಮುಂದಿನ ಜನವರಿ 1ಕ್ಕೆ. ಬ್ಯಾಂಕ್ ಬದಲಿಸುವಾಗಲೂ ಅಷ್ಟೇ, ನೀವೇ ಹಣ ತೆಗೆದು ಹೊಸ ಕಡೆ ಹಾಕಬೇಡಿ. ನೇರ ಟ್ರಾನ್ಸ್‌ಫರ್ ಮಾಡಿಸಿ. ಎಷ್ಟು ಬ್ಯಾಂಕಿನಲ್ಲಿ ಟಿಎಫ್‌ಎಸ್‌ಎ ಇದ್ದರೂ ಲಿಮಿಟ್ ಒಂದೇ.

ಸಿಆರ್‌ಎ ವೆಬ್‌ಸೈಟಿನ ನಿಮ್ಮ ಖಾತೆ "ಮೈ ಅಕೌಂಟ್"ನಲ್ಲಿ ಕಾಣುವ ಲಿಮಿಟ್ ಜನವರಿ 1ರ ಲೆಕ್ಕ. ಈ ವರ್ಷ ಹಾಕಿದ್ದು ಅದರಲ್ಲಿ ಸೇರಿರುವುದಿಲ್ಲ, ನೀವೇ ಬರೆದಿಟ್ಟುಕೊಳ್ಳಿ.

ಊರಿಗೆ ವಾಪಸ್ ಹೊರಟವರು ಟಿಎಫ್‌ಎಸ್‌ಎಗೆ ತಿಂಗಳು ತಿಂಗಳು ತಾನಾಗೇ ಹೋಗುವ ಹಣವನ್ನು ವಿಮಾನ ಹತ್ತುವ ಮುಂಚೆಯೇ ನಿಲ್ಲಿಸಿ. ಇಲ್ಲಿನ ನಿವಾಸಿಗಳಲ್ಲ ಎಂದಾದ ಮೇಲೆ ಹಾಕಿದ ಹಣಕ್ಕೂ ತಿಂಗಳಿಗೆ 1% ಬೀಳುತ್ತದೆ, ಲಿಮಿಟ್ ಬಾಕಿ ಇದ್ದರೂ ಸಹ.