ಒಲೆ ಹಚ್ಚಲು ಯಾವುದು: ತೆಂಗಿನ ಗರಿಯೋ, ಕರ್ಪೂರವೋ, ಮೇಣದ ಬಿಲ್ಲೆಯೋ?

ಮಂಡ್ಯದ ಕಡೆ ಹಳ್ಳಿಯಲ್ಲಿದ್ದರೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಹಂಡೆ ಒಲೆಗೆ ನನ್ನ ಆಯ್ಕೆ ಒಣಗಿದ ತೆಂಗಿನ ಗರಿ. ಒಂದು ಹಿಡಿ ಮುರಿದು ಸುತ್ತಿ, ಮೇಲೆ ಪುಳ್ಳೆ ಇಟ್ಟು ಕಡ್ಡಿ ಗೀರಿದರೆ ಭಗ್ ಅಂತ ಹತ್ತುತ್ತದೆ. ಆದರೆ ಅಷ್ಟೇ ಬೇಗ ಮುಗಿಯುತ್ತದೆ. ಹಾಗಾಗಿ ಜೊತೆಗೆ ಎರಡು ತೆಂಗಿನ ಚಿಪ್ಪು ಇಡಿ. ಚಿಪ್ಪು ಹತ್ತುವುದು ನಿಧಾನ, ಹತ್ತಿದ ಮೇಲೆ ಉರಿ ಜೋರು, ಕೆಂಡವೂ ಚೆನ್ನಾಗಿ ನಿಲ್ಲುತ್ತದೆ. ಕಾಯಿ ನಾರು ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಕಬ್ಬಿನ ತರಗೂ ಬೇಗ ಹತ್ತುತ್ತದೆ, ಆದರೆ ಗಾಳಿಗೆ ಕಿಡಿ ಹಾರುತ್ತದೆ. ಗದ್ದೆ, ಹುಲ್ಲಿನ ಮೆದೆ ಹತ್ತಿರ ಬೇಡವೇ ಬೇಡ.

ಮೈಸೂರಿನ ಮನೆ ಮಹಡಿಯಲ್ಲಿ ಇದ್ದಿಲ ಒಲೆ ಇಟ್ಟುಕೊಂಡವರಿಗೆ ಗರಿ ಎಲ್ಲಿ ಸಿಗಬೇಕು, ಅಲ್ವಾ? ಅವರಿಗೆ ಬೆಂಕಿ ಹಚ್ಚಲೆಂದೇ ಮಾರುವ ಮೇಣದ ಬಿಲ್ಲೆ ಅನುಕೂಲ. ಒಂದು ಬಿಲ್ಲೆ ಕೆಲವು ನಿಮಿಷ ಒಂದೇ ಸಮ ಉರಿಯುತ್ತದೆ, ಇದ್ದಿಲು ಹಿಡಿಯಲು ಅಷ್ಟು ಹೊತ್ತು ಬೇಕು. ಅದು ಪೂರ್ತಿ ಉರಿದು, ಇದ್ದಿಲ ಮೇಲೆ ಬೂದಿ ಕಟ್ಟಿದ ಮೇಲೆಯೇ ಜೋಳ ಸುಡಿ. ಇಲ್ಲದಿದ್ದರೆ ತೆನೆಗೆ ಮೇಣದ ವಾಸನೆ ಹತ್ತುತ್ತದೆ. ಕರ್ಪೂರ ಕೈಗೆ ಸಿಗುತ್ತದೆ ನಿಜ, ಆದರೆ ಮಸಿ ಜಾಸ್ತಿ, ಬೇಗ ಆರುತ್ತದೆ. ಅಡುಗೆ ಒಲೆಗೆ ನಾನು ಹಾಕುವುದಿಲ್ಲ.

ಸೀಮೆಎಣ್ಣೆ, ಪೆಟ್ರೋಲ್ ಮಾತ್ರ ದಯವಿಟ್ಟು ಬೇಡ. ಆರಿದಂತೆ ಕಾಣುವ ಕೆಂಡದ ಮೇಲೆ ಸುರಿದರೆ ಆವಿ ಎದ್ದು ಒಮ್ಮೆಲೇ ಮುಖಕ್ಕೆ ಹೊಡೆಯುತ್ತದೆ. ಉರಿ ಸಾಲದಿದ್ದರೆ ಇನ್ನೆರಡು ಪುಳ್ಳೆ ಇಟ್ಟು ಊದುಗೊಳವೆಯಲ್ಲಿ ಊದಿ.